ಮಗ್ಗ ನಿಂತಾಗ

ನನ್ನ ತಮ್ಮನಿಗೆ ಮಗ್ಗದ ಶೆಡ್ಡಿನವರು ಇಟ್ಟ ಹೆಸರು ಮೈಕು. ಗುಟ್ಟು ಹೇಳ್ತೀನಿ ಬಾ ಅಂತ ಹತ್ತಿರ ಕರೆದರೂ ಮೂರು ಮನೆ ಆಚೆಯವರು ಹೌದಾ ಅನ್ನಬೇಕು, ಅಂಥ ಗಂಟಲು. ಅಂಗಡಿಗೆ ಹೋಗಿ ಸೋಪು ಕೇಳಿದರೆ ಜಗಳಕ್ಕೇ ಬಂದಿದ್ದಾನೆ ಅಂದುಕೊಂಡು ಅಂಗಡಿಯವನು ಎದ್ದು ನಿಲ್ಲುತ್ತಿದ್ದ. "ಮೆಲ್ಲಗೆ ಮಾತಾಡೋ, ನಾನೇನು ಕಿವುಡೀನಾ?" ಅಂತ ಬೈದರೆ, "ನೀವೆಲ್ಲಾ ಬಾಯೊಳಗೇ ಗೊಣಗ್ತೀರಾ, ಅದಕ್ಕೆ ನಾನೇನು ಮಾಡ್ಲಿ?" ಅನ್ನುತ್ತಿದ್ದ. ನನಗೂ ಕೋಪ ಮೂಗಿನ ತುದಿಯಲ್ಲೇ. ಇಬ್ಬರೂ ಶುರು ಹಚ್ಚಿಕೊಂಡರೆ ಬೀದಿ ನಾಯಿಗಳು ಕೂಡ ಜಾಗ ಖಾಲಿ ಮಾಡುತ್ತಿದ್ದವು.

ಅಮ್ಮ ತೀರಿಕೊಂಡ ಮೇಲೆ ಅವನನ್ನು ಬೆಳೆಸಿದವಳು ನಾನು. ನಾನು ಮದುವೆ ಆಗಲಿಲ್ಲ. ಅದು ಬೇರೆ ಕಥೆ, ಈಗ ಬೇಡ. ಮೀಸೆ ಚಿಗುರುವ ಹೊತ್ತಿಗೆ ಅವನೂ ನಾನು ಕೆಲಸ ಮಾಡುವ ಮಗ್ಗದ ಶೆಡ್ಡಿಗೇ ಬಂದ. ಕರೆಂಟಿನ ಮಗ್ಗಗಳು. ಒಳಗೆ ಕಾಲಿಟ್ಟರೆ ತಗಡಿನ ಚಾವಣಿ, ಗೋಡೆ, ನೆಲ, ನಮ್ಮ ಹಲ್ಲು, ಎಲ್ಲಾ ಒಟ್ಟಿಗೆ ಅದುರುತ್ತೆ. ನನ್ನದು ಮೂಲೆಯಲ್ಲಿ ಕೂತು ಲಾಳಿಗೆ ಹಾಕುವ ಕಂಡಿಕೆಗಳಿಗೆ ನೂಲು ಸುತ್ತುವ ಕೆಲಸ, ಅವನದು ನೇಯುವುದು. ಅಲ್ಲಿ ಎಷ್ಟು ಕೂಗಿದರೂ ಪಕ್ಕದವರಿಗೆ ಕೇಳಿಸಲ್ಲ. ಹಾಗಾಗಿ ನಾವು ಮಾತಿಗೆ ದನಿ ಹಾಕುವುದೇ ಇಲ್ಲ. ಬರೀ ತುಟಿ ಆಡಿಸುತ್ತೇವೆ, ಎದುರಿನವರು ಓದಿಕೊಳ್ಳುತ್ತಾರೆ. ಈ ಮೂಲೆಯಿಂದ ಆ ಮೂಲೆಗೆ ಚಾಡಿ ಹೇಳಬಹುದು, ಮಾಲೀಕನ ಬೆನ್ನ ಹಿಂದೆಯೇ ನಿಂತು ಅವನ ವಂಶವನ್ನೆಲ್ಲಾ ಜಾಲಾಡಬಹುದು. ಹೊಸಬರಿಗೆ ಮೊದಲು ಕೈ ಕೂರುತ್ತೆ, ಆಮೇಲೆ ನಿಧಾನಕ್ಕೆ ತುಟಿ ಓದೋದು ಬರುತ್ತೆ.

ಅವನಿಗೆ ಕಿವಿ ಮಂದವಾಗಿದೆ ಅನ್ನುವ ಅನುಮಾನ ನನಗೆ ವರ್ಷಗಳಿಂದ ಇತ್ತು. ಬೆನ್ನ ಹಿಂದಿನಿಂದ ಕರೆದರೆ ತಿರುಗುತ್ತಿರಲಿಲ್ಲ. ದೀಪ ಆರಿಸಿದ ಮೇಲೆ ಮಾತು ಬೇಡ ಅನ್ನುತ್ತಿದ್ದ. ಕೇಳಿದರೆ ಉರಿದು ಬೀಳುತ್ತಿದ್ದ. ಅವನ ಭಯ ಏನು ಅಂತ ನನಗೆ ಗೊತ್ತಿಲ್ಲವಾ? ಅಷ್ಟು ಗದ್ದಲದಲ್ಲೂ ತನ್ನ ಮಗ್ಗದ ಸದ್ದು ಒಂಚೂರು ಬೇರೆಯಾದರೆ ಎಲ್ಲೋ ಎಡವಟ್ಟಾಗಿದೆ ಅಂತ ನೇಯುವವನಿಗೆ ತಿಳಿಯಬೇಕು. ಕಿವಿ ಹೋಗಿದೆ ಅಂದರೆ ಮಾಲೀಕ ಅವನನ್ನು ಮಗ್ಗದಿಂದ ಬಿಡಿಸಿ ಬಟ್ಟೆ ಹೊರೆ ಹೊರಲು ಹಾಕುತ್ತಾನೆ. ಅದಕ್ಕೇ ಅವನು ಮಗ್ಗದ ಕಬ್ಬಿಣದ ಮೇಲೆ ಅಂಗೈ ಊರಿ ನಿಲ್ಲುವುದನ್ನು ಅಭ್ಯಾಸ ಮಾಡಿಕೊಂಡಿದ್ದ. ಅದುರಾಟ ಬದಲಾದರೆ ಅಂಗೈಗೆ ತಿಳಿಯುತ್ತಿತ್ತು. "ನನ್ನ ಕೈಗೆ ಗೊತ್ತಾಗದೇ ಇರೋದು ಯಾವುದಿದೆ?" ಅಂತ ಜಂಬ ಬೇರೆ.

ಅವನ ಹೆಂಡತಿ ಪಕ್ಕದ ಸಾಲಿನ ಮಗ್ಗದವಳು. ಜೋರಾಗಿ ಫ್ಯಾನ್ ಹಾಕಿದರೆ ಹಾರಿಹೋಗುತ್ತಾಳೆ ಅಂತ ಎಲ್ಲರೂ ಸಣ್ಣಿ ಅನ್ನುತ್ತಿದ್ದರು. ಕಳ್ಳರು, ಮಗ್ಗದ ಮುಂದೆ ನಿಂತೇ ತುಟಿಯಲ್ಲಿ ಎಲ್ಲಾ ಮಾತಾಡಿ ಮುಗಿಸಿಕೊಂಡಿದ್ದರು. ಯಾರಿಗೂ ಗೊತ್ತಿಲ್ಲ ಅಂದುಕೊಂಡಿದ್ದರು. ಇಡೀ ಶೆಡ್ಡು ದಿನಾ ಓದಿಕೊಂಡು ನಗುತ್ತಿತ್ತು. ಮದುವೆ ಆಯಿತು. ಆಮೇಲೆ ಬಹಳ ಕಾಲ ಮಡಿಲು ತುಂಬಲಿಲ್ಲ. ಆ ವಿಷಯ ಯಾರಾದರೂ ಎತ್ತಿದರೆ ಸಣ್ಣಿ ಎದ್ದು ಪಾತ್ರೆ ತೊಳೆಯಲು ಹೋಗುತ್ತಿದ್ದಳು. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು, ಪಾಪ.

ಕೊನೆಗೆ ಒಂದು ದಿನ ಎರಡು ಮಗ್ಗದ ಆಚೆಯಿಂದ ಅವನ ಕಡೆ ನೋಡಿ, ಹೊಟ್ಟೆ ಮೇಲೆ ಕೈಯಿಟ್ಟು, ತುಟಿಯಲ್ಲಿ "ನಿಂತಿದೆ" ಅಂದಳು. ಇವನು ಹಾಗೇ ಕಲ್ಲಾಗಿ ನಿಂತ. ಇವನ ಮಗ್ಗದಲ್ಲಿ ಎಳೆಗಳು ಹರಿದು, ಬಟ್ಟೆಯಲ್ಲಿ ಅಗಲಕ್ಕೆ ತೂತು ಬಿದ್ದು, ಮಾಲೀಕ ಓಡಿ ಬಂದು ಬಾಯಿಗೆ ಬಂದಂತೆ ಬೈದ. ಇವನು ಬೈಸಿಕೊಳ್ಳುತ್ತಾ ಹಲ್ಲು ಕಿರಿಯುತ್ತಿದ್ದ. ನಾನು ನನ್ನ ಮೂಲೆಯಲ್ಲಿ ಕೂತು ಅತ್ತೆ. ನೂಲೆಲ್ಲಾ ಒದ್ದೆಯಾಯಿತು ಅಂತ ನನಗೂ ಬಿತ್ತು ಬೈಗುಳ.

ಮಗು ಒದೆಯಲು ಶುರು ಮಾಡಿದ್ದು ಮಗ್ಗ ನಿಂತಾಗ. ಮಗ್ಗ ಓಡುವಾಗ ತೂಗಿ ಮಲಗಿಸಿದ ಹಾಗೆ ಮಲಗಿರುತ್ತಿತ್ತು. ಊಟದ ಹೊತ್ತಿಗೆ ಎಲ್ಲಾ ಮಗ್ಗ ನಿಂತು ಶೆಡ್ಡು ಗಪ್‌ಚಿಪ್ ಆಯಿತೋ, ಒಳಗಿನಿಂದ ಧಡ್ ಅಂತ ಒಂದು ಬೀಳುತ್ತಿತ್ತು. "ಯಾಕೆ ಕೆಲಸ ನಿಲ್ಲಿಸಿದ್ರಿ ಅಂತ ಬೈತಾ ಇದ್ದಾರೆ ಸಾಹುಕಾರ್ರು!" ಅಂದ ಮೈಕು. ಅಂದಿನಿಂದ ಅದಕ್ಕೆ ಸಾಹುಕಾರ್ರು ಅಂತಲೇ ಹೆಸರು. ಹುಟ್ಟದೇ ಇರುವ ಮಗುವಿಗೆ ಬಹುವಚನ ನೋಡಿ! ಸಾಹುಕಾರ್ರು ಎದ್ದರಾ, ಸಾಹುಕಾರ್ರಿಗೆ ಹುಳಿ ಬೇಕಂತಾ, ಸಾಹುಕಾರ್ರು ಇವತ್ತು ಯಾಕೋ ಮುನಿಸು. ಊಟದ ಡಬ್ಬಿ ಬಿಚ್ಚುವ ಮೊದಲೇ ಓಡಿ ಬಂದು ಅಂಗೈ ಇಡುತ್ತಿದ್ದ. ಒದೆತ ಸಿಕ್ಕಿದ ಮೇಲೇ ಅವನಿಗೆ ಊಟ.

ಅವರದೂ ನನ್ನದೂ ಅಕ್ಕಪಕ್ಕದ ಕೋಣೆ, ನಡುವೆ ಬರೀ ಹಲಗೆ. ಸಂಜೆ ಆದರೆ ಹೆಂಡತಿ ಹೊಟ್ಟೆ ಹತ್ತಿರ ಬಾಯಿ ಇಟ್ಟು ಶೆಡ್ಡಿನ ಸುದ್ದಿಯೆಲ್ಲಾ ಒಪ್ಪಿಸುತ್ತಿದ್ದ.

"ಸಾಹುಕಾರ್ರೇ, ಇವತ್ತು ನಿಮ್ಮತ್ತೆ ಮತ್ತೆ ಜಗಳ ತೆಗೆದ್ಲು. ತಪ್ಪು ಅವಳದ್ದೇ, ನೀವೇನೂ ಅವಳ ಪರ ವಹಿಸ್ಬೇಡಿ."

"ಲೋ! ಮಗೂನ ಈಗ್ಲೇ ನನ್ನ ಮೇಲೆ ಎತ್ತಿಕಟ್ತಾ ಇದ್ದೀಯಾ?" ಅಂತ ನಾನು ಈ ಕಡೆಯಿಂದ ಹಲಗೆ ಗುದ್ದಿದರೆ, ಸಣ್ಣಿ ನಕ್ಕೂ ನಕ್ಕೂ, "ಅತ್ತಿಗೇ, ಸುಮ್ನಿರಿ, ನಂಗೆ ಹೊಟ್ಟೆ ಹಿಡ್ಕೊಳ್ತಾ ಇದೆ" ಅನ್ನುತ್ತಿದ್ದಳು. ನಾನೂ ಸುಳ್ಳು ಯಾಕೆ ಹೇಳಲಿ, ಅಷ್ಟು ಸಂತೋಷವಾಗಿ ನಾನು ಅದಕ್ಕೆ ಮೊದಲು ಎಂದೂ ಇರಲಿಲ್ಲ.

ಹೊಟ್ಟೆ ದೊಡ್ಡದಾಗುತ್ತಾ ಬಂತು. ಇನ್ನು ಮನೆಯಲ್ಲಿರು ಅಂದರೆ ಸಣ್ಣಿ ಕೇಳಲಿಲ್ಲ. "ಒಬ್ಳೇ ಕೂತ್ಕೊಂಡ್ರೆ ಇಲ್ಲದ್ದೆಲ್ಲಾ ತಲೆಗೆ ಬರುತ್ತೆ ಅತ್ತಿಗೆ. ಅಲ್ಲಿದ್ರೆ ನೀವೆಲ್ಲಾ ಇರ್ತೀರ" ಅಂದಳು. ಈ ದೊಡ್ಡ ಆರ್ಡರ್ ಒಂದು ಮುಗಿಯಲಿ, ಆಮೇಲೆ ಹೆರಿಗೆ ಆಗುವ ತನಕ ರಜೆ ತಗೋ ಅಂದ ಮಾಲೀಕ. ಆ ಆರ್ಡರ್ ಬಂದಿದ್ದೇ ಬಂದಿದ್ದು, ಊಟಕ್ಕೂ ಮಗ್ಗ ನಿಲ್ಲಿಸುವ ಹಾಗಿಲ್ಲ ಅಂತಾಯಿತು. ಒಬ್ಬರು ತಿನ್ನುವಾಗ ಪಕ್ಕದವರು ಅವರ ಮಗ್ಗ ನೋಡಿಕೊಳ್ಳಬೇಕು. ಬೆಳಿಗ್ಗೆ ಶುರುವಾದ ಸದ್ದು ಕತ್ತಲಾದ ಮೇಲೇ ನಿಲ್ಲುವುದು. ಶೆಡ್ಡಿನಲ್ಲಿ ಮೌನ ಅನ್ನುವುದೇ ಇಲ್ಲವಾಯಿತು.

ಸಣ್ಣಿಗೆ ನಿಂತೂ ನಿಂತೂ ಸೊಂಟ ಸೋಲುತ್ತಿತ್ತು. ಮಗ್ಗದ ಮುಂದಿನ ತೊಲೆಗೆ ಹೊಟ್ಟೆ ಆನಿಸಿ ನಿಲ್ಲುತ್ತಿದ್ದಳು. ಮೈಕು ನಡುವೆ ನಡುವೆ ಬಂದು ಕೈಯಿಟ್ಟು, ತುಟಿಯಲ್ಲಿ ನನ್ನ ಕಡೆ ಹೇಳುತ್ತಿದ್ದ, "ಸಾಹುಕಾರ್ರು ಈಗ ಮಗ್ಗ ಓಡ್ವಾಗ್ಲೂ ಕುಣೀತಾ ಇದ್ದಾರೆ! ಕೆಲಸ ಕಲಿತ್ರು!" ಸಣ್ಣಿಯೂ ಹೌದು ಹೌದು ಅಂತ ತಲೆಯಾಡಿಸುತ್ತಿದ್ದಳು. ಮನೆಗೆ ಬಂದರೆ ಇಬ್ಬರೂ ಹೆಣ ಬಿದ್ದ ಹಾಗೆ ಬೀಳುತ್ತಿದ್ದರು. ಮಗ್ಗದಲ್ಲಿ ಕೆಲಸ ಮಾಡಿದವರಿಗೆ ಗೊತ್ತು, ಅಷ್ಟು ಹೊತ್ತು ನಿಂತು ಬಂದು ಮಲಗಿದರೆ ಮೈ ಒಳಗೆ ಮಗ್ಗ ಓಡುತ್ತಲೇ ಇರುತ್ತೆ. ಚಾಪೆ ಅದುರುತ್ತೆ, ನೆಲ ಅದುರುತ್ತೆ. ಯಾವುದು ಹೊರಗಿನದು ಯಾವುದು ಒಳಗಿನದು ಅಂತ ಅಲ್ಲಿ ಯಾರು ನೋಡಿಕೊಂಡಿರುತ್ತಾರೆ?

ಆ ಮಂಗಳವಾರ ಮಧ್ಯಾಹ್ನ ಕರೆಂಟು ಹೋಯಿತು.

ಕರೆಂಟು ಹೋದರೆ ನಮಗೆ ಹಬ್ಬ. ಮಗ್ಗಗಳೆಲ್ಲಾ ಒಂದೇ ಸಲ ಸತ್ತು ನಿಂತವು, ಜನ ಹೋ ಅಂದರು, ಯಾರೋ ಶಿಳ್ಳೆ ಹಾಕಿದರು. ಮೈಕು ಅಲ್ಲಿಂದಲೇ, "ಸಾಹುಕಾರ್ರೇ, ಬೈಯಿರಿ ಬೈಯಿರಿ! ಕೆಲಸ ನಿಂತ್ಹೋಯ್ತು!" ಅಂತ ಕೂಗಿಕೊಂಡು ಹೆಂಡತಿಯ ಹತ್ತಿರ ಓಡಿ ಬಂದು ಅಂಗೈ ಇಟ್ಟ. ನಗುತ್ತಾ ಕಾದ. ಕೈ ಸ್ವಲ್ಪ ಆ ಕಡೆ ಸರಿಸಿದ. ಈ ಕಡೆ ಸರಿಸಿದ.

"ಮಲಗಿರ್ಬೇಕು" ಅಂದ.

ಸಣ್ಣಿಯ ಮುಖ ನೋಡಿ ನಾನು ಎದ್ದು ಬಂದೆ. ಅವಳು ತೊಲೆಯಿಂದ ಹಿಂದಕ್ಕೆ ಸರಿದು, ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ನಿಂತಿದ್ದಳು.

"ಅತ್ತಿಗೆ, ಮಗ್ಗ ನಿಂತ ತಕ್ಷಣ ನನ್ನ ಹೊಟ್ಟೇನೂ ನಿಂತ್ಹೋಯ್ತು" ಅಂದಳು.

ನನ್ನ ಬಾಯಿ ಸುಮ್ಮನಿರುತ್ತಾ? "ಅಯ್ಯೋ, ಹಾಗೆಲ್ಲಾ ಅನ್ಬಾರ್ದು. ಬಿಡ್ತು ಅನ್ನು" ಅಂತ ಬೈದೆ. ತಣ್ಣೀರು ಕುಡಿಸಿದೆವು. ಎಡಕ್ಕೆ ತಿರುಗಿಸಿ ಬಟ್ಟೆ ಹೊರೆಯ ಮೇಲೆ ಮಲಗಿಸಿದೆವು. ಹೆಂಗಸರೆಲ್ಲಾ ಸುತ್ತ ನಿಂತು ತಲೆಗೊಂದು ಹೇಳಿದರು. ಗಂಡಸರು ಹೊರಗೆ ಹೋದರು. ಮೈಕು ಮೊಣಕಾಲೂರಿ ಕೂತು ಹೊಟ್ಟೆಗೆ ಕೈಯಿಟ್ಟವನು ತೆಗೆಯಲೇ ಇಲ್ಲ.

ಆಗ ಕರೆಂಟು ಬಂತು. ಮಗ್ಗಗಳು ಒಂದರ ಹಿಂದೆ ಒಂದು ಶುರುವಾದವು. ನೆಲ ಅದುರಿತು, ಹೊರೆ ಅದುರಿತು, ಮೈಕು ಚಂಗನೆ ಎದ್ದು ನಿಂತ. ಅವನ ತುಟಿ ನಾನು ಓದಿದೆ, "ಬಂತು! ಬಂತು ಅಕ್ಕಾ! ಒದೀತಾ ಇದೆ!"

ಸಣ್ಣಿ ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. ತುಟಿಯಲ್ಲಿ ನಿಧಾನಕ್ಕೆ ಹೇಳಿದಳು. "ಮಗ್ಗ ರೀ ಅದು. ಇಷ್ಟು ದಿನಾನೂ ಮಗ್ಗಾನೇ."

ಮೂವರೂ ಆಟೋ ಹತ್ತಿದೆವು. ಆಸ್ಪತ್ರೆಯಲ್ಲಿ ಅವಳ ಜೊತೆ ಒಬ್ಬರೇ ಒಳಗೆ ಬನ್ನಿ ಅಂದರು. ನಾನು ಕಿವಿಗೆ ಹಾಕಿಕೊಳ್ಳದೆ ಇಬ್ಬರ ಹಿಂದೆಯೂ ನುಗ್ಗಿದೆ. ಮಾಸ್ಕ್ ಹಾಕಿದ್ದ ನರ್ಸಮ್ಮ ಹೊಟ್ಟೆಗೆ ಏನೋ ಜಿಗುಟು ಹಚ್ಚಿ, ಮಗುವಿನ ಎದೆಬಡಿತ ಹುಡುಕುವ ಪುಟ್ಟ ಯಂತ್ರ ಇಟ್ಟು ಅಲ್ಲಿ ಇಲ್ಲಿ ಓಡಾಡಿಸಿದರು. ಬರೀ ಗರಗರ. ಸಣ್ಣಿ ಚಾವಣಿ ನೋಡುತ್ತಿದ್ದಳು. ನಾನು ಪರದೆ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಂಡುತ್ತಿದ್ದೆ. ಆಮೇಲೆ ಸದ್ದು ಬಂತು. ದಬ್, ದಬ್, ದಬ್, ದಪ್ಪನೆಯ ಸದ್ದು.

"ಕೇಳ್ತು!" ಅಂತ ಮೈಕು ಕೂಗಿದ. "ನಂಗೇ ಕೇಳ್ತು! ಸಣ್ಣಿ, ಕೇಳ್ತೇನೇ?"

ನರ್ಸಮ್ಮ ಸಣ್ಣಿಯ ಮಣಿಕಟ್ಟು ಹಿಡಿದು ನಾಡಿ ನೋಡಿದರು. ಯಂತ್ರದ ಸದ್ದನ್ನೂ ನಾಡಿಯನ್ನೂ ಹೊಂದಿಸಿ ನೋಡಿದರು. "ಇದು ತಾಯಿಯ ಬಡಿತ. ಮಗುವಿನದು ಇನ್ನೂ ಬೇಗ ಬೇಗ ಬಡಿಯುತ್ತೆ. ಡಾಕ್ಟರನ್ನ ಕರೀತೀನಿ" ಅಂದರು. ಮಾಸ್ಕಿನ ಹಿಂದಿನ ಆ ಮಾತು ನನಗೆ ಕೇಳಿಸಿತು, ಸಣ್ಣಿಗೆ ಕೇಳಿಸಿತು. ಅವನಿಗೆ ಕೇಳಿಸಲಿಲ್ಲ. ಅವನು ಓದುವುದಕ್ಕೆ ಅಲ್ಲಿ ತುಟಿ ಇರಲಿಲ್ಲ. ಸಣ್ಣಿಯ ಕಣ್ಣಲ್ಲಿ ನೀರು ಇಳಿದಿದ್ದು ನೋಡಿ ಅವನು, "ಅಳ್ತೀಯಾ ಹುಚ್ಚಿ, ಸಿಕ್ತಲ್ಲ!" ಅಂತ ಅವಳ ಹಣೆ ಸವರಿ, ನರ್ಸಮ್ಮನಿಗೆ ಕೈಮುಗಿದು, ನಾನು ತಡೆಯುವ ಮೊದಲೇ ಹೊರಗೆ ಓಡಿದ. "ಇದೆಯಂತೆ! ಚೆನ್ನಾಗಿದೆಯಂತೆ!" ಅನ್ನುವ ಅವನ ದನಿ ಕಾರಿಡಾರಿನ ಉದ್ದಕ್ಕೂ ಹೋಗುತ್ತಿರುವುದು ನಮಗೆ ಒಳಗೆ ಕೇಳಿಸುತ್ತಿತ್ತು.

ಡಾಕ್ಟರಮ್ಮ ಬಂದರು. ಸ್ಕ್ಯಾನಿನ ಪರದೆ ತಮ್ಮ ಕಡೆ ತಿರುಗಿಸಿಕೊಂಡು ತುಂಬಾ ಹೊತ್ತು ನೋಡಿದರು. ಆಮೇಲೆ ಸಣ್ಣಿಯ ಕೈ ಹಿಡಿದು ಹೇಳಿದರು. ಸಣ್ಣಿ ಕಿರುಚಲಿಲ್ಲ. "ಅವರಿಗೆ ಯಾರು ಹೇಳ್ತಾರೆ?" ಅಂತ ಮಾತ್ರ ಕೇಳಿದಳು. ನನ್ನ ಕಡೆ ನೋಡಿದಳು.

ಹೊರಗೆ ಬೆಂಚಿನ ತುಂಬ ಬಸುರಿಯರು. ಒಬ್ಬಾಕೆ ಬಾಟಲಿಯಿಂದ ನೀರು ಕುಡಿಯುತ್ತಿದ್ದಳು, ಇನ್ನೊಬ್ಬಾಕೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ತೂಕಡಿಸುತ್ತಿದ್ದಳು. ಮೈಕು ಆ ತುದಿಯಲ್ಲಿ ವಾಚ್‌ಮನ್ ಹೆಗಲ ಮೇಲೆ ಕೈಹಾಕಿ ನಗುತ್ತಿದ್ದ. ಇಷ್ಟು ಜನ ಬಸುರಿಯರ ಮುಂದೆ ಅಂಥ ಮಾತನ್ನು ಕೂಗಿ ಹೇಳುವುದು ಹೇಗೆ? ಮೆಲ್ಲಗೆ ಹೇಳಿದರೆ ಅವನಿಗೆ ಕೇಳುವುದಿಲ್ಲ. ನಾನು ಅವನೆದುರು ನಿಂತು, ಅವನ ಗಲ್ಲ ಹಿಡಿದು, ಶೆಡ್ಡಿನಲ್ಲಿ ಹೇಳುವ ಹಾಗೆ ಬರೀ ತುಟಿಯಲ್ಲಿ ಹೇಳಿದೆ. ಅದು ಸಣ್ಣಿಯ ಎದೆಬಡಿತ. ಮಗು ಹೋಗಿದೆ.

"ಏನಂದೆ?" ಅಂದ. ನಗು ಇನ್ನೂ ಮುಖದ ಮೇಲೇ ಇತ್ತು.

ಮತ್ತೆ ಹೇಳಿದೆ.

"ಹೋಗಿದೆಯಾ?" ಅಂತ ಅವನು ಕೇಳಿದ್ದು ಇಡೀ ಕಾರಿಡಾರಿಗೆ ಕೇಳಿಸಿತು. ನೀರು ಕುಡಿಯುತ್ತಿದ್ದ ಹೆಂಗಸು ಬಾಟಲಿ ಕೆಳಗಿಟ್ಟಳು. ಅವನು ಅಲ್ಲೇ ಗೋಡೆಗೆ ಬೆನ್ನು ಕೊಟ್ಟು ಕುಸಿದು ಕೂತ. ವಾಚ್‌ಮನ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಪಕ್ಕದಲ್ಲೇ ನಿಂತ.

ಮಾರನೆಯ ದಿನ ಹೆರಿಗೆ ಮಾಡಿಸಿದರು. ಹೆಣ್ಣು. ಮುಖ ಥೇಟ್ ಸಣ್ಣಿಯದು, ಹಣೆ ನಮ್ಮ ಅಮ್ಮನದು. ಇನ್ನು ಅದರ ಬಗ್ಗೆ ನಾನು ಹೇಳುವುದಿಲ್ಲ, ನನ್ನ ಕೈಲಾಗುವುದಿಲ್ಲ.

ಸಂಜೆ ಡಾಕ್ಟರಮ್ಮ ವಾರ್ಡಿಗೆ ಬಂದರು. ಮಂಚದ ಪಕ್ಕ ನಿಂತು ಮಾಸ್ಕಿನ ಹಿಂದಿನಿಂದ ಏನೋ ಶುರು ಮಾಡಿದರು. ಮೈಕು ಅವರ ಮುಖವನ್ನೇ ನೋಡುತ್ತಾ ಎಲ್ಲಾ ತಿಳಿದವನ ಹಾಗೆ ತಲೆಯಾಡಿಸುತ್ತಿದ್ದ. ನನಗೆ ತಡೆಯಲಾಗಲಿಲ್ಲ.

"ಮಾಸ್ಕ್ ಕೆಳಗೆ ಮಾಡಿ ಹೇಳಿ ತಾಯೀ. ಅವನಿಗೆ ಕಿವಿ ಕೇಳಲ್ಲ" ಅಂದೆ.

ಇಷ್ಟು ವರ್ಷ ಯಾರೂ ಆಡದ ಮಾತು. ಅವನು ಉರಿದು ಬೀಳುತ್ತಾನೆ ಅಂದುಕೊಂಡೆ. ತಲೆ ಬಗ್ಗಿಸಿದ, ಅಷ್ಟೇ. ಡಾಕ್ಟರಮ್ಮ ಮಾಸ್ಕ್ ಇಳಿಸಿ, ಕುರ್ಚಿ ಎಳೆದುಕೊಂಡು, ಅವನೆದುರು ಕೂತು ನಿಧಾನವಾಗಿ ಹೇಳಿದರು. ಹೊಕ್ಕುಳಬಳ್ಳಿ ಗಂಟು ಬಿದ್ದಿತ್ತು. ಮಗ್ಗದಿಂದ ಆದದ್ದಲ್ಲ, ಯಾರ ತಪ್ಪೂ ಅಲ್ಲ. ಬೇಗ ಬಂದಿದ್ದರೆ ಉಳಿಯುತ್ತಿತ್ತಾ ಅಂದರೆ ಅದನ್ನೂ ಹೇಳುವುದಕ್ಕಾಗುವುದಿಲ್ಲ.

"ಯಾವತ್ತು ಹೋಯ್ತು?" ಅಂತ ಕೇಳಿದ ಮೈಕು.

"ಎರಡು ಮೂರು ದಿನ ಆಗಿರಬಹುದು. ಸರಿಯಾಗಿ ಹೇಳಕ್ಕಾಗಲ್ಲ."

"ಭಾನುವಾರ ಇತ್ತಾ?"

"ಇದ್ದಿರಬಹುದು. ಗೊತ್ತಿಲ್ಲ" ಅಂದರು ಡಾಕ್ಟರಮ್ಮ. ಅವನ ಹೆಗಲು ಮುಟ್ಟಿ, ಮುಂದಿನ ಮಂಚಕ್ಕೆ ಹೋದರು.

ಸಣ್ಣಿ ಗೋಡೆ ಕಡೆ ತಿರುಗಿ ಮಲಗಿದ್ದಳು. ನಿದ್ದೆಯೋ ಎಚ್ಚರವೋ ತಿಳಿಯಲಿಲ್ಲ. ಮೈಕು ಅವಳ ಪಾದದ ಹತ್ತಿರ ಹೊದಿಕೆ ಸರಿಮಾಡುತ್ತಾ ಕೂತ. ಅವನು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಭಾನುವಾರ ಶೆಡ್ ರಜಾ ಇತ್ತಲ್ಲ ಅಕ್ಕಾ. ನೀನು ಮಾರ್ಕೆಟ್ಟಿಗೆ ಹೋಗಿದ್ದೆ. ಇವಳು ಸುಸ್ತಾಗಿ ಮಲಗಿಬಿಟ್ಟಿದ್ಲು. ಕೈಯಿಟ್ಟೆ, ಅದೂ ಮಲಗಿದೆ ಅಂದ್ಕೊಂಡೆ. ಯಾರೂ ಇಲ್ಲ ಅಂತ ಅದಕ್ಕೆ ಹೇಳ್ಬಿಟ್ಟೆ."

"ಏನಂತ?"

ನನ್ನ ತುಟಿ ನೋಡಿ ಉತ್ತರ ಕೊಟ್ಟ. "ನಂಗೆ ಕಿವಿ ಹೋಗಿದೆ ಮಗಾ, ಯಾರಿಗೂ ಹೇಳಿಲ್ಲ, ನಿಂಗೆ ಮಾತ್ರ ಹೇಳ್ತಾ ಇದ್ದೀನಿ ಅಂದೆ. ನೀನು ಹುಟ್ಟಿದ ಮೇಲೆ ಸುಮ್ನೆ ಕುಯ್ ಕುಯ್ ಅಂದ್ರೆ ನಿಮ್ಮಪ್ಪಂಗೆ ಗೊತ್ತಾಗಲ್ಲ. ಏನಾದ್ರೂ ಕಷ್ಟ ಆದ್ರೆ ಜೋರಾಗಿ ಕೂಗ್ಬೇಕು, ಆಗ ಎಲ್ಲಿದ್ರೂ ಬರ್ತೀನಿ ಅಂದೆ."

ಹೊದಿಕೆಯ ಅಂಚನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ.

"ಕೂಗಿತ್ತೇನೋ ಅಕ್ಕಾ. ನಂಗೆ ಕೇಳಿಸ್ಲಿಲ್ಲವೇನೋ."

ಸಣ್ಣಿ ಗೋಡೆ ಕಡೆಯೇ ಮುಖ ಮಾಡಿಕೊಂಡು, ಕೈ ಮಾತ್ರ ಹಿಂದಕ್ಕೆ ಚಾಚಿ ಅವನಿಗಾಗಿ ತಡಕಾಡಿದಳು. ಅವನು ಆ ಕೈ ಹಿಡಿದುಕೊಂಡ. ನಾನು ಹೇಗೋ ಬಾಯಿ ಬಿಟ್ಟು, "ಕಿವಿ ನೆಟ್ಟಗಿರೋ ನಮಗೂ ಕೇಳಿಸ್ಲಿಲ್ಲ ಕಣೋ. ಹೆತ್ತವಳಿಗೇ ಕೇಳಿಸ್ಲಿಲ್ಲ" ಅಂದೆ.

ಅಳುವಿನಲ್ಲಿ ನನ್ನ ತುಟಿ ಸೊಟ್ಟಗಾಗಿತ್ತು. ಅವನಿಗೆ ಓದಲಾಗಲಿಲ್ಲ.

"ಏನಂದೆ ಅಕ್ಕಾ?" ಅಂದ.

ಇಡೀ ವಾರ್ಡು ತಿರುಗಿ ನೋಡುವಷ್ಟು ಜೋರಾಗಿ, ಅವನ ಕಿವಿಗೆ ಬಾಯಿಟ್ಟು, ಮತ್ತೆ ಹೇಳಿದೆ.